ಜಂಬಮ್ಮ ದೊಡ್ಡಮ್ಮನ ತೆಲುಗು ಎಮ್ಮೆ

ಆದೋನಿ
ಸೋಮವಾರ, ೨೪ ನವೆಂಬರ್ ೨೦೨೫

ಪ್ರೀತಿಯ ಶೋಭಾ,

ಅತ್ತೆಯವರ ಕೈ ಹೇಗಿದೆ? ಪಟ್ಟಿ ಬಿಚ್ಚಿದ ಮೇಲೆ ಬೆರಳು ಮಡಚಲು ಬರುತ್ತಿದೆಯೇ? ಡಾಕ್ಟರು ಹೇಳಿದಂತೆ ಚೆಂಡು ಹಿಚುಕುತ್ತಾ ಕೂರುವವರಲ್ಲ ಅವರು. ಒಂದು ಹಿಡಿ ರೊಟ್ಟಿ ಹಿಟ್ಟು ಕೊಟ್ಟು ನಾದಲು ಹೇಳು, ಬೇಡವೆಂದರೂ ಬಿಡುವುದಿಲ್ಲ. ಅವರನ್ನು ಎತ್ತಿ ಕೂರಿಸಿ ನಿನ್ನ ಸೊಂಟ ಹಿಡಿದಿದೆ ಎಂದಿದ್ದೆ, ಈಗ ವಾಸಿಯೇ? ನಾನು ಆರಾಮವಾಗಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುವವನು ನಿನ್ನ ತವರು ಗೋನೆಗಂಡ್ಲಕ್ಕೆ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಫೋನಿನಲ್ಲೇ ಹೇಳಬೇಕೆಂದು ಹೊರಟವನು, ನಿನ್ನ ದನಿ ಕೇಳಿದ ಕೂಡಲೇ ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತೇನೆ. ಮುಖವಿಲ್ಲದವನಿಗೆ ಕಾಗದವೇ ವಾಸಿ.

ಜಿನ್ನಿಂಗ್ ಮಿಲ್ಲಿನ ಆಫೀಸು ಕೆಲಸ ಬಿಟ್ಟು, ಬರೆದು ಬದುಕುತ್ತೇನೆ ಎಂದಾಗ ನೀನೊಬ್ಬಳೇ ನಗಲಿಲ್ಲ. "ಒಂದು ವರ್ಷ ನೋಡೋಣ ಬಿಡ್ರಿ, ನನ್ನ ಟ್ಯೂಷನ್ ಐತೆಲ್ಲ" ಅಂದೆ. ಆಮೇಲೆ ನಾನು ಏನು ಮಾಡಿದೆ ಎಂಬುದನ್ನು ನಿನಗೆ ಪೂರ್ತಿ ಹೇಳಿಲ್ಲ. ಬರೆದದ್ದಕ್ಕೆ ಸಂಭಾವನೆ ಕೊಡುವ ಪತ್ರಿಕೆ ಯಾವುದೆಂದು ಹುಡುಕುವುದೇ ಒಂದು ಉದ್ಯೋಗವಾಯಿತು. ಒಬ್ಬರು ಗೌರವ ಪ್ರತಿ ಕಳಿಸುತ್ತೇವೆ ಎಂದರು. ಇನ್ನೊಬ್ಬರು ಮೊದಲು ನೀವು ಚಂದಾದಾರರಾಗಿ ಎಂದರು. ಬೆಂಗಳೂರಿನ ಒಂದು ವೆಬ್ ಪತ್ರಿಕೆಯ ಹುಡುಗಿ, "ಸಾರ್, ನಿಮಗೆ ಓದುಗರು ಸಿಗ್ತಾರಲ್ಲ" ಎಂದು ಸಮಾಧಾನ ಹೇಳಿದಳು. ಆದೋನಿ ಎಂದ ಕೂಡಲೇ "ಅದು ಆಂಧ್ರ ಅಲ್ವಾ, ಅಲ್ಲಿ ಕನ್ನಡ ಇದೆಯಾ?" ಎಂದು ಕೇಳದವರೇ ಇಲ್ಲ. ಕೊನೆಗೆ ಹುಬ್ಬಳ್ಳಿಯ ಒಂದು ಮಾಸಪತ್ರಿಕೆ ಸಿಕ್ಕಿತು. ಅವರು ನಿಜವಾಗಿ ಕೊಡುತ್ತಾರೆ, ಅದೂ ಅಚ್ಚಾದ ತಿಂಗಳೇ. ಸಂಪಾದಕಿಯ ಹೆಸರು ಭುವನಾ. ಹತ್ತಿ ಮಾರುಕಟ್ಟೆಯ ಬಗ್ಗೆ, ಗಡಿಯ ಕನ್ನಡ ಶಾಲೆಗಳ ಬಗ್ಗೆ ನಾನು ಬರೆದ ಲೇಖನಗಳನ್ನು ಒಂದೇ ಸಾಲು ಬರೆದು ವಾಪಸು ಮಾಡಿದರು: "ಮಾಹಿತಿ ಇದೆ, ಮನುಷ್ಯರಿಲ್ಲ."

ಅದೇ ವಾರ ನೀನು ವಾಟ್ಸಾಪಿನಲ್ಲಿ ಆ ಮಾತು ರೆಕಾರ್ಡ್ ಮಾಡಿ ಕಳಿಸಿದ್ದು. ಕೌತಾಳಂನ ಜಂಬಮ್ಮ ದೊಡ್ಡಮ್ಮ ನಂದ್ಯಾಲದ ಕಡೆಯಿಂದ ಎಮ್ಮೆ ತಂದದ್ದು, "ಬಾರವ್ವಾ" ಎಂದರೆ ಅದು ಒದೆಯುವುದು, ತೆಲುಗು ಮನೆಯಿಂದ ಬಂದ ಸೊಸೆ "ರಾ ತಲ್ಲೀ, ರಾ" ಎಂದರೆ ಹಾಲು ಸುರಿಯುವುದು. "ದೊಡ್ಡಮ್ಮಗ ಪ್ಯಾಟಿ ತೆಲುಗು ಬರತೈತ್ರಿ, ಮುದ್ದಿನ ತೆಲುಗು ಬರಂಗಿಲ್ಲ. ಮಗನ ಮದಿವಿ ಆದಾಗಿಂದ ಸೊಸಿ ಕೂಡ ಕನ್ನಡದಾಗ ಜಗಳಾಡಿದಾಕಿ, ಈಗ ಎಮ್ಮಿ ಸಲುವಾಗಿ ಆಕಿ ಹಂತ್ಯಾಕ ಕುಂತು ಮುದ್ದು ಮಾಡೋದು ಕಲಿಯಾಕ ಹತ್ಯಾಳ" ಎಂದು ನೀನು ಹೇಳುತ್ತಾ ಹೇಳುತ್ತಾ ನಕ್ಕು ಕೆಮ್ಮಿದ್ದೆ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ ಒಬ್ಬನೇ ನಕ್ಕೆ. ಮನೆಗೆ ಬಂದು ಅದನ್ನು ಟೈಪ್ ಮಾಡಿದೆ. ನನ್ನದು ಎಂದು ಸೇರಿಸಿದ್ದು ಪೂರ್ಣವಿರಾಮಗಳನ್ನು ಮಾತ್ರ, ಶೋಭಾ. ಮೇಲೆ ನನ್ನ ಹೆಸರು ಹಾಕಿ ಕಳಿಸಿದೆ. ಮರುದಿನವೇ ಭುವನಾ ಅವರ ಉತ್ತರ ಬಂತು: ಇಷ್ಟು ದಿನ ಈ ದನಿಯನ್ನು ಎಲ್ಲಿ ಬಚ್ಚಿಟ್ಟಿದ್ದಿರಿ?

ನವೆಂಬರ್ ಸಂಚಿಕೆಯಲ್ಲಿ ಅದು ಬಂತು. ನಿನಗೆ ಹೇಳಲಿಲ್ಲ. ನೀನು ಖುಷಿಪಡುತ್ತೀ ಎಂದು ಗೊತ್ತಿತ್ತು, ಆ ಖುಷಿಯನ್ನು ಎದುರಿಸುವ ಧೈರ್ಯ ಇರಲಿಲ್ಲ. ಇಲ್ಲಿ ಹತ್ತಿ ವ್ಯಾಪಾರದ ಸೋಮಶೇಖರಪ್ಪನವರು ಅದನ್ನು ಓದಿ, ರಾಜ್ಯೋತ್ಸವದ ಸಭೆಯಲ್ಲಿ ನನಗೆ ಸನ್ಮಾನ ಎಂದು ಘೋಷಿಸಿಬಿಟ್ಟರು. ಮೊನ್ನೆ ಶುಕ್ರವಾರ ಅದು ನಡೆಯಿತು. ಯಾರೋ ಹೇಳಿದ್ದಕ್ಕೆ ಜಂಬಮ್ಮ ದೊಡ್ಡಮ್ಮ ಹೊಸ ಸೀರೆ ಉಟ್ಟು ಬಸ್ ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಸೋಮಶೇಖರಪ್ಪನವರು ಎದ್ದುನಿಂತು ನಿನ್ನ ಮಾತನ್ನು ಗಟ್ಟಿಯಾಗಿ ಓದಿದರು, ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ದೊಡ್ಡಮ್ಮನ ಕೈಗೂ ಮೈಕು ಕೊಟ್ಟರು. ಅವರು ನನ್ನ ಕಡೆ ತಿರುಗಿ, "ನಮ್ಮ ಅಳಿಯ ಒಮ್ಮಿನೂ ನಮ್ಮ ದೊಡ್ಡಿಗೆ ಬಂದಿಲ್ರಿ. ಎಮ್ಮಿ ಮಾರಿ ನೋಡಿಲ್ಲ. ನೋಡದನ ಇಷ್ಟು ಚೆಂದ ಬರದಾನಂದ್ರ, ಎಂಥಾ ಶಾಣ್ಯಾ ಇರಬೇಕು!" ಎಂದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಕಣ್ಣಲ್ಲಿ ನೀರಿತ್ತು. ಚಪ್ಪಾಳೆ ಇನ್ನೂ ಜೋರಾಯಿತು. ಅದೇ ಗಳಿಗೆಯಲ್ಲಿ ಮೈಕು ತೆಗೆದುಕೊಂಡು ಇದು ಶೋಭಾರಾಣಿಯ ಮಾತು ಎನ್ನಬಹುದಿತ್ತು. ನಾನು ತಲೆ ತಗ್ಗಿಸಿ ಶಾಲು ಹೊದಿಸಿಕೊಂಡೆ. ಎಷ್ಟು ವಿನಯ ನೋಡಿ ಎಂದು ಯಾರೋ ಅಂದರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ಬರೆಯದಿದ್ದರೆ ಈ ಕಾಗದವೂ ಸುಳ್ಳಾಗುತ್ತದೆ. ಪ್ರತಿ ತಿಂಗಳು ಇಂಥದೇ ಅಂಕಣ ಕೊಡಿ ಎಂದು ಭುವನಾ ಕೇಳಿದರು, ನಾನು ಹೂಂ ಎಂದೆ. ಆಗಿನಿಂದ ಸಂಜೆ ಫೋನ್ ಮಾಡಿ "ಏನರ ಹೇಳು, ಊರಾಗ ಏನಾತು" ಎಂದು ನಿನ್ನನ್ನು ಕೇಳುತ್ತಿದ್ದೆನಲ್ಲ, ಅದು ಅಂಕಣಕ್ಕಾಗಿ. ನೀನು ಮಾತಾಡುತ್ತಿದ್ದೆ, ನಾನು ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದೆ. ಮೊನ್ನೆ ಫೋನ್ ಇಡುವಾಗ, "ನೀವು ಹಿಂಗ ಕುಂತು ನನ್ನ ಮಾತು ಕೇಳಿದ್ದ ಇಲ್ಲ ನೋಡ್ರಿ. ದೂರ ಇದ್ದದ್ದೂ ಚಲೋನ ಆತು" ಅಂದೆ. ಅದಾದ ಮೇಲೆ ನನಗೆ ಊಟ ಸೇರುತ್ತಿಲ್ಲ.

ಬರುವ ಶುಕ್ರವಾರ ದೊಡ್ಡಮ್ಮ ಅತ್ತೆಯವರನ್ನು ನೋಡಲು ಗೋನೆಗಂಡ್ಲಕ್ಕೆ ಬರುತ್ತಾರೆ, ಸಂಚಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬರುತ್ತಾರೆ. ಅವರ ಬಾಯಿಂದ ಮೊದಲು ತಿಳಿಯಬಾರದೆಂದು ಇದನ್ನು ಈಗಲೇ ಅಂಚೆಗೆ ಹಾಕುತ್ತಿದ್ದೇನೆ. ಅವರು ತೋರಿಸಿದಾಗ ನಿಜ ಹೇಳಿಬಿಡು. ನನ್ನ ಮರ್ಯಾದೆ ಕಾಯಲು ಹೋಗಬೇಡ. ಸೋಮಶೇಖರಪ್ಪನವರ ಮನೆಗೆ ನಾನೇ ಹೋಗಿ ಶಾಲು ಒಪ್ಪಿಸಿ ಹೇಳುತ್ತೇನೆ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದರೆ ನೀನು ಕೂಡಲೇ ಕ್ಷಮಿಸಿಬಿಡುತ್ತೀ.

ಅತ್ತೆಯವರಿಗೆ ನನ್ನ ಶರಣು ತಿಳಿಸು. ಅವರ ಕೈ ಪೂರ್ತಿ ಗಟ್ಟಿಯಾಗುವವರೆಗೂ ಅಲ್ಲೇ ಇರು, ನನ್ನ ಊಟದ ಚಿಂತೆ ಬೇಡ.

ನಿನ್ನ,
ಉದಯ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮೊದಲು ಭುವನಾ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಹಾಕುತ್ತಾರೆ, ಇನ್ನು ನನ್ನ ಬರಹ ಅಲ್ಲಿ ಬರುವುದಿಲ್ಲ. ಅಂಕಣ ನಿನ್ನದು, ನಿನ್ನ ಹೆಸರಿನಲ್ಲಿ, ನೀನು ಒಪ್ಪಿದರೆ ಎಂದರು. ನಿನ್ನ ನಂಬರ್ ಅವರಿಗೆ ಕೊಟ್ಟಿದ್ದೇನೆ. ನನಗೆ ಅವಮಾನವಾಗುತ್ತದೆ ಎಂದುಕೊಂಡು ನೀನು ಒಲ್ಲೆ ಅನ್ನುತ್ತೀ, ನಿನ್ನ ಗುಣ ನನಗೆ ಗೊತ್ತು. ಬೇಡ ಅನ್ನುವುದಿದ್ದರೆ ನನಗೆ ಅನ್ನು, ಶೋಭಾ. ಅವರಿಗೆ ಅನ್ನಬೇಡ.