ನನ್ನ ಮಸೂದೆಗೆ ನನ್ನದೇ ವಿರೋಧ

ಚಾರ್ಲ್ಸ್‌ಟನ್
ಮಂಗಳವಾರ, ೨೫ ಫೆಬ್ರವರಿ ೨೦೧೪

ಪ್ರೀತಿಯ ಮಾರ್ಲಿಸ್,

ಹೇಗಿದ್ದೀಯೇ? ಮೂರು ವಾರದಿಂದ ಕಾಗದ ಹಾಕಲಿಲ್ಲ, ಎಷ್ಟು ಬೇಕೋ ಅಷ್ಟು ಬೈಕೋ. ವಿಧಾನಸಭೆ ನಡೆಯುವಾಗ ಕೂತು ಉಣ್ಣೋಕೂ ಪುರುಸೊತ್ತಿಲ್ಲ. ಪೆಪ್ಪರೋನಿ ರೋಲ್ ಕಚ್ಚಿಕೊಂಡೇ ಓಡಾಡ್ತೀನಿ. ಜೈಲಿನಲ್ಲಿ ಇನ್ನೊಂದು ಹೊದಿಕೆ ಕೊಟ್ಟರಾ? ಕೆಮ್ಮು ಹೋಯ್ತಾ?

ನಾಳೆಯ ಪೇಪರ್ ಈ ಕಾಗದಕ್ಕಿಂತ ಮೊದಲೇ ನಿನ್ನ ಕೈಸೇರುತ್ತೆ. ನನ್ನ ಮಸೂದೆಯ ವಿರುದ್ಧ ಮತ ಹಾಕಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇರುತ್ತೆ. ದೇವರಾಣೆ, ನಿನ್ನ ಕೈಬಿಟ್ಟಿಲ್ಲ ಕಣೇ.

ಡ್ರಗ್ಸ್‌ನ ಅಮಲು ಹೆಚ್ಚಾಗಿ ಯಾರಾದರೂ ಬಿದ್ದಾಗ ಆಂಬುಲೆನ್ಸ್ ಕರೆದವರನ್ನ ಜೈಲಿಗೆ ಹಾಕಬೇಡಿ, ಇಷ್ಟೇ ನಾನು ಕೇಳಿದ್ದು. ಅದಕ್ಕೂ ಇವರಿಗೆ ಹೊಟ್ಟೆನೋವು! ಗೋಡೆಯ ಫಲಕದಲ್ಲಿ ‘ಬೇಡ’ ಅನ್ನೋ ಕೆಂಪು ದೀಪಗಳೇ ಎರಡು ಹೆಚ್ಚಾದವು. ಸೋತ ಮಸೂದೆಯನ್ನ ಮತ್ತೆ ಎತ್ತಿಕೊಳ್ಳಿ ಅಂತ ಕೇಳೋ ಹಕ್ಕು ಗೆದ್ದ ಕಡೆಯವರಿಗೆ ಮಾತ್ರ, ಇಲ್ಲಿಯ ನಿಯಮ ಅದು. ಅದಕ್ಕೇ ಕೊನೇ ಗಳಿಗೆಯಲ್ಲಿ ನನ್ನ ಹಸಿರನ್ನ ಕೆಂಪು ಮಾಡಿದೆ.

ಪಕ್ಕದ ಕುರ್ಚಿಯ ಮುದುಕ ಹಾರ್ಲನ್ ನಕ್ಕ. "ಏನಮ್ಮಾ ವಿಲ್ಡಾ, ಹೆತ್ತ ಕೂಸಿನ ಕತ್ತು ನೀನೇ ಹಿಸುಕಿದ್ಯಲ್ಲ!"

"ನಾಳೆ ನೋಡ್ತಿರು, ಎದ್ದು ಕೂರುತ್ತೆ."

"ಮತ ಎಲ್ಲಿಂದ ತರ್ತೀಯಾ? ಮಗಳಿಗೋಸ್ಕರ ಕಾನೂನು ಮಾಡ್ತಿದಾಳೆ ಅಂತ ಎಲ್ರೂ ಆಡ್ಕೋತಿದಾರೆ. ಗಂಡ ಕೋಡಿ ಕಣ್ಣೆದುರೇ ಸಾಯ್ತಿದ್ರೂ ನಿನ್ನ ಮಗಳು ಹೆದರಿ ಮುಕ್ಕಾಲು ಗಂಟೆ ಸುಮ್ನಿದ್ಲಂತಲ್ಲ."

ಎದ್ದು ಹೊರಗೆ ಬಂದುಬಿಟ್ಟೆ.

ನಾಳೆ ಸಂಜೆಯೊಳಗೆ ಇಲ್ಲಿ ಪಾಸಾಗದಿದ್ದರೆ ಈ ವರ್ಷದ ಕಥೆ ಮುಗಿದ ಹಾಗೆ. ಈ ತಿಂಗಳೇ ನಮ್ಮೂರಲ್ಲಿ ಮತ್ತೆ ಮೂವರು ಹೋದರು. ಪಕ್ಕದಲ್ಲಿದ್ದೋರು ಪೊಲೀಸರಿಗೆ ಹೆದರಿ ಓಡಿಹೋದರಂತೆ. ಮತ ಮುಗಿದಾಗಿನಿಂದ ಹನ್ನೊಂದು ಜನರ ಬಾಗಿಲು ತಟ್ಟಿದೆ, ಕೈಕಾಲು ಹಿಡಿದೆ. "ನೋಡೋಣ" ಅಂತಾರೆ ಅಷ್ಟೇ. ಏನು ಮಾಡ್ಲಿ, ದಿಕ್ಕೇ ತೋಚ್ತಿಲ್ಲ.

ಹೊಟ್ಟೆ ತುಂಬ ತಿನ್ನು. ದೇವರು ನಿನ್ನನ್ನ ಬೆಚ್ಚಗಿಟ್ಟಿರಲಿ, ನನ್ನ ಆಯಸ್ಸೂ ನಿನಗಿರಲಿ.

ನಿನ್ನ ಅಮ್ಮ,
ವಿಲ್ಡಾ

ಮತ್ತೆ: ಅಂಟಿಸಿದ ಲಕೋಟೆ ಬಿಚ್ಚಿ ಬರೀತಿದ್ದೀನಿ. ನೀನು ಹೆದರಿ ಸುಮ್ಮನಿರಲಿಲ್ಲ. ಕೋಡಿ ಬಿದ್ದ ತಕ್ಷಣ ನನಗೆ ಫೋನ್ ಮಾಡಿದೆ. ನನ್ನ ಚುನಾವಣೆಗೆ ನಾಲ್ಕೇ ದಿನ ಇತ್ತು. "ಯಾರನ್ನೂ ಕರೀಬೇಡ, ನಾನು ಬರೋವರೆಗೂ ಕಾಯಿ" ಅಂದವಳು ನಾನು. ನಾನು ಬರೋಷ್ಟರಲ್ಲಿ ಅವನ ಮೈ ತಣ್ಣಗಾಗಿತ್ತು. ಆಮೇಲೆ ಪೊಲೀಸರು ಹಿಡಿದದ್ದು ನಿನ್ನನ್ನ. ಕೋರ್ಟಿನಲ್ಲಿ ನೀನು ನನ್ನ ಹೆಸರೇ ಎತ್ತಲಿಲ್ಲ. ನಾಳೆ ಮೈಕಿನ ಮುಂದೆ ಇದನ್ನೇ ಹೇಳ್ತೀನಿ. ಆ ಎರಡು ಮತ ಬರುತ್ತೋ ಇಲ್ಲವೋ, ಗೊತ್ತಿಲ್ಲ. ಯಾರಾದರೂ ಬಂದು ಕೇಳಿದರೆ, ಈ ಸಲ ನನ್ನನ್ನ ಉಳಿಸೋಕೆ ಸುಳ್ಳು ಹೇಳಬೇಡ ಕಂದಾ.