ಮೌತ್‌ಪೀಸಿನ ಅಂಚು

ಕೊಂಢವಾ, ಪುಣೆ
ತಾ. 9 ಫೆಬ್ರುವರಿ 2025

ಶೀತಲಳ ಅಪ್ಪನವರಿಗೆ ಶಿವಕಾಂತಾ ಮಾಡುವ ನಮಸ್ಕಾರ.

ನನ್ನ ದನಿ ಕೇಳಿದ ಕೂಡಲೇ ನೀವು ಫೋನ್ ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಪೂರ್ತಿ ಓದೀರಿ ಎಂದು ಬರೆಯುತ್ತಿದ್ದೇನೆ. ನನ್ನ ತಮ್ಮ ಅವ್ವಣ್ಣ ನಾಳೆ ಸೆಂಟ್ರಿಂಗ್ ಕೆಲಸಕ್ಕೆ ಸಾಸವಡಕ್ಕೆ ಬರುತ್ತಾನೆ. ನೀವು ಕಾವಲಿರುವ ಗೋದಾಮಿನ ಗೇಟಿನಲ್ಲಿ ನಿಮ್ಮ ಕೈಗೇ ಕೊಡಬೇಕೆಂದು ಅವನಿಗೆ ಹೇಳಿದ್ದೇನೆ. ಹರಿದು ಒಗೆಯುವುದಾದರೆ ಓದಿದ ಮೇಲೆ ಹರಿಯಿರಿ.

ವಿಷಯ ಶೀತಲಳದು. ನೀವು ಮನೆ ಬಿಟ್ಟ ಮೇಲೆ ಅವಳು ನಿಮ್ಮ ಟ್ರಂಪೆಟ್ ಹಿಡಿದಳು. ಹೆಣ್ಣುಮಗಳು ಮದುವೆ ಬ್ಯಾಂಡಿನ ಗಂಡಸರ ನಡುವೆ ಹೋಗಿ ಊದುತ್ತೀಯೇನು ಎಂದು ಮೊದಮೊದಲು ಬೈದೆ. ಅವಳು ನನ್ನ ಮಾತು ಕೇಳುವವಳೇ? ನಿಮ್ಮ ಹಟ ಇಡಿಯಾಗಿ ಅವಳಿಗೆ ಬಂದಿದೆ. ಎರಡು ವರ್ಷ ಕಾಲೇಜಿನ ಬ್ಯಾಂಡಿನಲ್ಲಿ ಆಗೊಂದು ಈಗೊಂದು ಹಾಡು ನುಡಿಸಿದಳು. ಈಗ ಪೊಲೀಸ್ ಬ್ಯಾಂಡಿನ ಭರ್ತಿಗೆ ಅರ್ಜಿ ಹಾಕಿದ್ದಾಳೆ, ಇದೇ ತಿಂಗಳ ಇಪ್ಪತ್ತೆಂಟಕ್ಕೆ ಪರೀಕ್ಷೆ. ನೌಕರಿ ಸಿಕ್ಕರೆ ನನ್ನ ಹಾಗೆ ಮೆಸ್ಸಿನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು ಅವಳಿಗೆ ತಪ್ಪುತ್ತದೆ.

ಆದರೆ ಪರೀಕ್ಷೆಗೆಂದು ದಿನಾ ತಾಸುಗಟ್ಟಲೆ ಊದಲು ಹತ್ತಿದ ಮೇಲೆ, ಹದಿನೈದು ನಿಮಿಷ ಊದುವಷ್ಟರಲ್ಲಿ ಅವಳ ದನಿ ಒಡೆಯುತ್ತದೆ. ಮೇಲಿನ ತುಟಿಯ ಎಡಬದಿಗೆ ಕೆಂಪು ಗೆರೆ ಏಳುತ್ತದೆ. ಮೂರನೆಯ ಸಲ ರಕ್ತ ಬಂದಾಗ ನಾನು ಮೆಸ್ಸಿಗೆ ರಜೆ ಹೇಳಿ, ಪೇಟೆಯ ಬಾಳಕೃಷ್ಣ ಅವರ ಅಂಗಡಿಗೆ ಕರೆದುಕೊಂಡು ಹೋದೆ. ನೀವು ರಿಪೇರಿಗೆ ಹೋಗುತ್ತಿದ್ದಿರಲ್ಲ, ಆ ಬೆಳಗಾವಿಯ ಹಿರಿಯರು. ಅವಳ ಮುಖ ನೋಡುತ್ತಲೇ, ನೀ ಮನೋಹರನ ಮಗಳಲ್ಲೇನವಾ ಎಂದರು.

ಬಟ್ಟೆ ಹಾಸಿ, ಟ್ರಂಪೆಟ್ಟಿನ ತುದಿಗೆ ಸಿಕ್ಕಿಸಿ ತುಟಿಗಿಟ್ಟು ಊದುವ ಮೌತ್‌ಪೀಸ್ ಮೂರು ಇಟ್ಟರು. ಮೊದಲನೆಯದರ ಬಟ್ಟಲು ಅಗಲ, ಆಳ. ಅದರ ದನಿ ಇಡೀ ಅಂಗಡಿ ತುಂಬಿತು, ಆದರೆ ಅವಳ ಉಸಿರೆಲ್ಲ ಅದಕ್ಕೇ ಹೋಗಿ ಹಾಡಿನ ಎರಡನೆಯ ಸಾಲಿಗೇ ಕೆನ್ನೆಗಳು ನಡುಗಿದವು. ಎರಡನೆಯದರ ಬಟ್ಟಲು ಸಣ್ಣದು, ಮೇಲಿನ ಸ್ವರಗಳು ಸಲೀಸಾಗಿ ಬಂದರೂ ದನಿ ಕಿವಿಗೆ ಚುಚ್ಚುತ್ತಿತ್ತು. ಮೂರನೆಯದು ಇವೆರಡರ ನಡುವಿನದು, ಅಂಚು ದುಂಡಗೆ ಇದೆ. ಅಂಗಡ್ಯಾಗ ಎರಡು ನಿಮಿಷ ಊದಿ ಚಲೋ ಅದ ಅನಬ್ಯಾಡವಾ, ಮೂರೂ ಮನಿಗೆ ಒಯ್ಯಿ, ತುಟಿ ದಣಿದ ಮ್ಯಾಲ ಯಾವುದರಾಗ ದನಿ ಉಳೀತದ ಅದು ನಿಂದು ಎಂದು ಬಾಳಕೃಷ್ಣ ಅವರು ಹೇಳಿದರು.

ನಿಮ್ಮ ಮಗಳು ಮೂರನ್ನೂ ಅತ್ತ ಸರಿಸಿದಳು. ಟ್ರಂಪೆಟ್ಟಿಗಿದ್ದ ನಿಮ್ಮ ಹಳೆಯ ಮೌತ್‌ಪೀಸ್ ತೋರಿಸಿ, ಅಪ್ಪ ಇದರಾಗ ಇಪ್ಪತ್ತು ವರ್ಷ ಊದ್ಯಾನ್ರಿ, ನನಗ ಆಗಂಗಿಲ್ಲ ಅಂದ್ರ ತಪ್ಪು ನಂದ ಅದ ಎಂದು ಹೇಳಿ, ಕಣ್ಣೀರು ಕಾಣಬಾರದೆಂದು ಹೊರಗೆ ರಸ್ತೆಗೆ ಹೋಗಿ ನಿಂತಳು. ಬಾಳಕೃಷ್ಣ ಅವರು ನಿಮ್ಮ ಮೌತ್‌ಪೀಸನ್ನು ದೀಪದ ಕೆಳಗೆ ಹಿಡಿದು, ಅಂಚಿನ ಸುತ್ತ ಹೆಬ್ಬೆರಳ ಉಗುರು ಎಳೆದರು. ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಇದನ್ನ ಯಾರೋ ಪಾಲಿಶ್ ಚಕ್ರಕ್ಕ ಹಿಡಿದಾರ ತಾಯಿ, ಒಂದು ಬದಿ ಸವದು ಒಳಗಿನ ಅಂಚು ಕತ್ತಿ ಆಗ್ಯದ, ಇದರಾಗ ಎರಡು ತಾಸು ಊದಿದ್ರ ಯಾರ ತುಟಿನೂ ಉಳಿಯಂಗಿಲ್ಲ ಎಂದರು.

ಮೂರು ವರ್ಷದ ಹಿಂದಿನ ಖಂಡೇನವಮಿ, ಆಯುಧಪೂಜೆಯ ಮುನ್ನಾದಿನ ನಿಮಗೆ ನೆನಪಿರಬೇಕು. ಪೂಜೆಗೆ ಇಡುವ ದೀಪದ ಸಮೆ, ತಂಬಿಗೆ, ಆರತಿ ತಟ್ಟೆ ಎಲ್ಲವನ್ನೂ ಪಾಲಿಶ್‌ನವನ ಹತ್ತಿರ ಒಯ್ದಿದ್ದೆ. ನಿಮ್ಮ ಮೌತ್‌ಪೀಸಿನ ಬೆಳ್ಳಿ ಬಣ್ಣ ಹೋಗಿ ಕಪ್ಪಾಗಿತ್ತು. ಅನ್ನ ಕೊಡುವ ವಸ್ತು ದೇವರ ಮುಂದೆ ಹೀಗೆ ಕೂಡಬಾರದೆಂದು ಅದನ್ನೂ ಅದೇ ಚೀಲಕ್ಕೆ ಹಾಕಿದೆ. ಮರುದಿನ ವಿಭೂತಿ ಹಚ್ಚುವಾಗ ನೀವು ಅದನ್ನು ತಿರುಗಿಸಿ ನೋಡಿ, ಭಾಳ ಚಂದ ಮಾಡಿಸೀಯಲ್ಲಾ ಎಂದಿರಿ. ನೀವು ನನ್ನನ್ನು ಹೊಗಳಿದ್ದೇ ಕಡಿಮೆ, ಅದಕ್ಕೇ ಆ ಮಾತು ಮರೆತಿಲ್ಲ.

ಆಮೇಲೆ ಮಗರಪಟ್ಟಾದ ಆ ಮದುವೆ ಮೆರವಣಿಗೆ. ಮದುಮಗನ ಕುದುರೆಯ ಮುಂದೆ ನಿಮ್ಮ ಸ್ವರ ಒಡೆಯಿತು, ಜನ ನಕ್ಕರು, ಬ್ಯಾಂಡಿನ ಮಾಲೀಕ ಎಲ್ಲರೆದುರು ನಿಮ್ಮನ್ನು ಹಿಂದಿನ ಸಾಲಿಗೆ ಕಳಿಸಿದ. ಇಪ್ಪತ್ತು ವರ್ಷದ ಮೌತ್‌ಪೀಸ್ ಕೆಡಂಗಿಲ್ಲ, ನನ್ನ ತುಟಿನೇ ಹೋತು ಎಂದು ನೀವು ಟ್ರಂಪೆಟ್ಟನ್ನು ಅಟ್ಟಕ್ಕೆ ಹಾಕಿದಿರಿ. ನಂತರ ಮಾತಿಗೆ ಮಾತು ಬೆಳೆಯಿತು, ದಿನಾ ಜಗಳ, ಕೊನೆಗೆ ನೀವು ಸಾಸವಡದ ಕಾವಲಿಗೆ ಹೋದಿರಿ. ಅದೆಲ್ಲಕ್ಕೂ ನನ್ನ ಚೀಲದೊಳಗಿನ ಆ ಪಾಲಿಶ್ ಕಾರಣ ಎಂದು ನನಗೆ ಮೊನ್ನೆ ಆ ಅಂಗಡಿಯಲ್ಲಿಯೇ ತಿಳಿದದ್ದು.

ಶೀತಲಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಯಾರು ಸವೆಸಿದರು ಎಂದು ಕೇಳುತ್ತಾಳೆ. ಅವಳು ಈಗಲೂ ನಿಮ್ಮದರಲ್ಲೇ ಊದುತ್ತಿದ್ದಾಳೆ, ಬಾಳಕೃಷ್ಣ ಅವರಿಂದ ನಾನೇ ಕೇಳಿ ತಂದ ಆ ಮೂರೂ ಕಪಾಟಿನಲ್ಲಿ ಬಿದ್ದಿವೆ. ಹೀಗೇ ನಡೆದರೆ ಇಪ್ಪತ್ತೆಂಟರ ಹೊತ್ತಿಗೆ ಅವಳ ತುಟಿಯೂ ಹೋಗುತ್ತದೆ. ನೀವು ಒಂದು ದಿನ ಬಂದು, ಅವಳ ಎದುರು ಕುಳಿತು, ಮೂರರಲ್ಲಿ ಒಂದನ್ನು ಆರಿಸಿ ಕೊಡಿ. ಆ ಹಳೆಯದನ್ನು ಬಿಡು ಎಂದು ನೀವು ಹೇಳಿದರೆ ಮಾತ್ರ ಬಿಡುತ್ತಾಳೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ ಆ ದಿನ ನಾನು ಅವ್ವಣ್ಣನ ಮನೆಗೆ ಹೋಗಿರುತ್ತೇನೆ.

ಉಸಿರಿಗೆ ಒಳ್ಳೆಯದಲ್ಲ, ತಂಬಾಕು ಕಡಿಮೆ ಮಾಡಿ.

ನಿಮ್ಮ
ಶಿವಕಾಂತಾ

ತಾ.ಕ.: ಕಾಗದ ಮಡಿಚಿಟ್ಟಿದ್ದೆ, ಮತ್ತೆ ತೆಗೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನಗೆ ತಿಳಿದದ್ದು ಮೊನ್ನೆ ಅಲ್ಲ. ಪಾಲಿಶ್‌ನವನು ಅದನ್ನು ಕೈಗೆ ಕೊಡುವಾಗಲೇ, ಅಂಚು ಒಂದು ಕಡೆ ತುಸು ಜಾಸ್ತಿ ಸವೆಯಿತು ಅಕ್ಕಾ ಎಂದು ಮರಾಠಿಯಲ್ಲಿ ಹೇಳಿದ್ದ. ಮಗರಪಟ್ಟಾದಿಂದ ನೀವು ಬಂದ ಮೇಲೆ ನಿಮ್ಮ ಟವೆಲಿನ ರಕ್ತ ಒಗೆದವಳು ನಾನು, ಆಗಲೇ ಎಲ್ಲ ಅರ್ಥವಾಯಿತು. ಆದರೂ ಸುಮ್ಮನಿದ್ದೆ. ಮದುವೆಯಾದ ಮೇಲೆ ಮೊದಲ ಸಲ ಲಗ್ನಗಳ ಸೀಜನ್ನಿನಲ್ಲಿ ನೀವು ಸಂಜೆ ಮನೆಯಲ್ಲಿದ್ದಿರಿ, ಮಗಳ ಪಕ್ಕ ಕುಳಿತು ಊಟ ಮಾಡುತ್ತಿದ್ದಿರಿ. ಇನ್ನೊಂದು ವಾರ ಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ವಾರಗಳು ಹೋದವು, ನೀವೂ ಹೋದಿರಿ. ಶೀತಲಳಿಗೆ ಇವತ್ತೇ ನಾನೇ ಹೇಳುತ್ತೇನೆ. ನೀವು ಬಂದಾಗ ಆ ಮೂರರಲ್ಲಿ ನೀವೂ ಒಂದನ್ನು ಊದಿ ನೋಡಿ. ನಿಮ್ಮ ತುಟಿಗೆ ಏನೂ ಆಗಿರಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ.