ಮೆಲ್ಲಗೆ ಇಟ್ಟ ಡಾಮಿನೊ

ಕೊನ್ಸುಯೆಲೊ, ಸಾನ್ ಪೆದ್ರೊ
ಜುಲೈ ೧೧, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅನೀಬಲ್ ಅಣ್ಣಾ,

ಹೇಗಿದ್ದೀಯ? ಎಲ್ಲರೂ ಇದನ್ನು ಪತ್ರದ ಮೊದಲಿಗೆ ರೂಢಿಗೆ ಬರೆದು ಮುಂದಿನ ಸಾಲಿಗೆ ಓಡಿಬಿಡುತ್ತಾರೆ. ನಾನು ನಿಜವಾಗಿ ಕೇಳುತ್ತಿದ್ದೇನೆ. ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ಯಾವ ಮಗ್ಗುಲಿಗೆ ಮಲಗುತ್ತೀಯ? ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಯಾವ ಕೈಯನ್ನು ಮೊದಲು ತೂರಿಸುತ್ತೀಯ? ನಗಬೇಡ. ಪತ್ರ ಮುಗಿಯುವಷ್ಟರಲ್ಲಿ ಯಾಕೆ ಕೇಳಿದೆ ಅಂತ ಗೊತ್ತಾಗುತ್ತದೆ.

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಬಿಪಿ ಹತೋಟಿಯಲ್ಲಿದೆ, ಆದರೆ ಟೀವಿಯ ಬೇಸ್‌ಬಾಲ್ ಆಟದಲ್ಲಿ ನೀನು ಬ್ಯಾಟಿಗೆ ಬಂದಾಗ ಮಾತ್ರ ಇಲ್ಲ. ತಾನು ನೋಡಿದರೆ ನಿನಗೆ ದೃಷ್ಟಿಯಾಗುತ್ತದೆ ಅಂತ ಅಡುಗೆಮನೆಗೆ ಹೋಗಿ ಬಾಳೆಕಾಯಿ ಕರಿಯುತ್ತಾ ನಿಲ್ಲುತ್ತಾಳೆ. ಹೋದ ವರ್ಷ ನೀನು ಬೇಸ್‌ಗಳ ಮೇಲೆ ಓಡಾಡುತ್ತಿದ್ದಾಗ ಅದು ಸೀದು ಕರಕಲಾಗುತ್ತಿತ್ತು. ಈ ವರ್ಷ ಒಂದು ಸಲವೂ ಸೀದಿಲ್ಲ, ಅಷ್ಟು ಬೇಗ ಔಟಾಗಿ ವಾಪಸ್ ಹೋಗುತ್ತೀಯ. ಇದು ಅಮ್ಮನೇ ಹೇಳಿದ ತಮಾಷೆ, ನಾನಲ್ಲ. ಹೇಳಿ ತಾನೇ ಕಣ್ಣೊರೆಸಿಕೊಂಡಳು. ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ.

ಫೋನ್ ಇರುವಾಗ ಪತ್ರ ಯಾಕೆ ಅಂತ ನಿನಗೆ ಅನಿಸಿರಬಹುದು. ಸೀಸನ್ ಮುಗಿಯುವ ತನಕ ಮೆಸೇಜು ನೋಡಲ್ಲ ಅಂತ ನೀನೇ ಹೇಳಿದೆ, ಒಳ್ಳೆಯದೇ ಮಾಡಿದೆ. ಉಳಿದದ್ದು ಭಾನುವಾರದ ಕರೆ. ಅದನ್ನು ಅಪ್ಪ ಡಾನ್ ಫೆಯೊ ಅಂಗಡಿಯ ಮುಂದೆ ಕೂತು ಸ್ಪೀಕರಿಗೆ ಹಾಕಿ ಬೀದಿಗೆಲ್ಲ ಕೇಳಿಸುತ್ತಾರೆ. ಕೋಳಿ ಕೊಳ್ಳಲು ಬಂದವರೂ ನಿನ್ನ ಜೊತೆ ಮಾತಾಡಿ ಹೋಗುತ್ತಾರೆ. ಅಲ್ಲಿ ನಾನು ಇದನ್ನೆಲ್ಲ ಕೇಳುವುದು ಹೇಗೆ? ಪಕ್ಕದ ಮನೆಯ ದಮಾರಿಸ್ ನಾಳೆ ಅಮೆರಿಕಕ್ಕೆ, ನಿಮ್ಮ ಊರಿಗೇ ವಾಪಸ್ ಹೊರಟಿದ್ದಾಳೆ. ನಿನ್ನ ಕೈಗೇ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾಳೆ. ಅದಕ್ಕೇ ಈ ಕೊಕ್ಕರೆಕಾಲಿನ ಅಕ್ಷರ.

ಹೋದ ಭಾನುವಾರದ ಕರೆಯಲ್ಲಿ ನೀನು ಹೇಳಿದ ವಿಷಯಕ್ಕೆ ಬರುತ್ತೇನೆ. ಮ್ಯಾನೇಜರ್ ನಿನ್ನನ್ನು ಕೋಣೆಗೆ ಕರೆದು "ಬೆನ್ನು ಹಿಡ್ಕೊಂಡಿದೆ ಅಂತ ಹೇಳಿಬಿಡು, ಗಾಯಾಳುಗಳ ಪಟ್ಟಿಗೆ ಹಾಕ್ತೀವಿ, ಸ್ವಲ್ಪ ದಿನ ಆರಾಮಾಗಿದ್ದು ಬ್ಯಾಟಿಂಗ್ ಸರಿಮಾಡ್ಕೊಂಡು ಬಾ" ಅಂದನಂತೆ. ನೀನು "ನನಗೇನೂ ನೋಯ್ತಿಲ್ಲ, ಸುಳ್ಳು ಹೇಳಲ್ಲ" ಅಂದೆಯಂತೆ. ಕರೆ ಮುಗಿದ ಮೇಲೆ ಅಪ್ಪ ಎದ್ದು ನಿಂತು ಮೇಜಿಗೆ ಕೈ ಅಪ್ಪಳಿಸಿದ್ದನ್ನು ನೀನು ನೋಡಬೇಕಿತ್ತು. "ಕೇಳಿದ್ರೇನ್ರೋ? ಇಲ್ಲದ ನೋವನ್ನ ಇದೆ ಅನ್ನೋ ಜಾತಿಯಲ್ಲ ನಮ್ಮದು!" ಅಂದರು. ಡಾನ್ ಫೆಯೊ ಎಲ್ಲರಿಗೂ ತಣ್ಣಗಿನ ಬಿಯರ್ ಇಳಿಸಿದ. ಬೀದಿಗೆ ಬೀದಿಯೇ ನಿನ್ನ ಹೆಸರು ಕೂಗಿತು. ನಾನೂ ಕೂಗಿದೆ. 

ನಿಮ್ಮ ಹೆರಾನ್ಸ್ ತಂಡದ ಅಭಿಮಾನಿಗಳ ಫೋನ್ ಗುಂಪಿನಲ್ಲಿ ನಾನಿರುವುದು ನಿನಗೆ ಗೊತ್ತು. ಅಲ್ಲಿ ನನ್ನ ಹೆಸರು "ಮೂರನೇ ಬೇಸಿನ ಅಜ್ಜಿ". ಹದಿನೇಳರ ಹುಡುಗಿ ಅಂತ ಯಾರಿಗೂ ಗೊತ್ತಿಲ್ಲ, ನಿನ್ನ ತಂಗಿ ಅಂತಂತೂ ಗೊತ್ತೇ ಇಲ್ಲ. ಎಲ್ಲರೂ "ಅಜ್ಜಿ, ನೀವೇ ಹೇಳಿ" ಅಂತ ಗೌರವ ಕೊಡುತ್ತಾರೆ. ಅಲ್ಲಿ ಈಗ ಊಟ ತಿಂಡಿ ಎಲ್ಲ ನೀನೇ. "ಮುದುಕನ್ನ ಮನೆಗೆ ಕಳಿಸ್ರಪ್ಪಾ" ಅಂತ ಒಬ್ಬ. "ಅವನ ಬ್ಯಾಟಿಗೆ ತಿಥಿ ಆಗಿ ಎಷ್ಟು ದಿನ ಆಯ್ತು" ಅಂತ ಇನ್ನೊಬ್ಬ. "ಭೂತದ ಪಟ್ಟಿಗೆ ಹಾಕಿ, ಹೊಸ ಹುಡುಗ ಟಕರ್‌ನ ಆಡಿಸಿ" ಅಂತ ಮೂರನೆಯವನು. ಇಲ್ಲದ ಗಾಯಕ್ಕೆ ರಜೆ ಕೊಡುವ ಪಟ್ಟಿಗೆ ಅವರು ಇಟ್ಟಿರುವ ಹೆಸರು ಅದು, ಭೂತದ ಪಟ್ಟಿ. ನಾನು ಎಲ್ಲರ ಜೊತೆ ಜಗಳಕ್ಕೆ ಬಿದ್ದಿದ್ದೇನೆ. ಮೂವತ್ತಾರು ಅಂದರೆ ಮುದುಕನಾ ಅಂತ ಕೇಳಿದ್ದೇನೆ. ಹಿರಿಯನನ್ನು ಬ್ಯಾಟಿಂಗ್ ಸಾಲಿನಲ್ಲಿ ಕೆಳಗಿಳಿಸಿದರೆ ಅವಮಾನ ಏನೂ ಇಲ್ಲ, ದೇವರ ಪಟದ ಹಾಗೆ ಒಂದೇ ಮೊಳೆಗೆ ನೇತುಹಾಕಿ ದಿನಾ ಬೈಯಿಸುವುದೇ ಅವಮಾನ ಅಂತ ಬರೆದೆ. ಕ್ಯಾಚರ್ ಜಾಗದಲ್ಲಿ ಒಂದು ದಿನ ನಿನ್ನನ್ನು ಕೂರಿಸಲಿ, ಒಂದು ದಿನ ಟಕರ್‌ನನ್ನು. ಅವನ ದಿನ ನೀನು ಹೊರಗೆ ಕೂತು ಅವನಿಗೆ ಹೇಳಿಕೊಡು. ಇಬ್ಬರ ಮಂಡಿಯೂ ಉಳಿಯುತ್ತದೆ. ಆ ದಿನ ಮಾತ್ರ ಎಲ್ಲರೂ ನನ್ನ ಮಾತಿಗೆ ಹೃದಯದ ಗುರುತು ಒತ್ತಿದರು.

ಆದರೆ ಅಣ್ಣಾ, ಜಗಳ ಆಡುವವರು ಸಾಕ್ಷಿ ಹುಡುಕಬೇಕಲ್ಲ. ನಿನ್ನ ಪರವಾಗಿ ತೋರಿಸಲು ಏನಾದರೂ ಸಿಗುತ್ತದೆ ಅಂತ ಈ ವರ್ಷದ ಆಟಗಳನ್ನೆಲ್ಲ ಮತ್ತೆ ಹಾಕಿಕೊಂಡು ಕೂತೆ. ಬ್ಯಾಟಿಂಗ್ ಬಿಟ್ಟು ನೀನು ಕ್ಯಾಚರ್ ಆಗಿ ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತಿರುವುದನ್ನೇ ನೋಡಿದೆ. ಹೋದ ವರ್ಷದವರೆಗೆ ಚೆಂಡು ಗ್ಲೌಸಿಗೆ ಬಿದ್ದರೆ ಕೂತಲ್ಲಿಂದಲೇ ಮಣಿಕಟ್ಟು ಝಾಡಿಸಿ, ಚೆಂಡು ಹಾಕಿದ ಪಿಚರ್‌ಗೆ ವಾಪಸ್ ಎಸೆಯುತ್ತಿದ್ದೆ, ಸೊಳ್ಳೆ ಓಡಿಸಿದ ಹಾಗೆ. ಈಗ ಎದ್ದು ನಿಲ್ಲುತ್ತೀಯ. ಮುಂದಕ್ಕೆ ನಡೆದು ಬರುತ್ತೀಯ. ಆಮೇಲೆ ಮಗುವಿಗೆ ಎಸೆದಂತೆ ಕೈಯನ್ನು ಕೆಳಗಿನಿಂದ ತೂಗಿ ಕೊಡುತ್ತೀಯ. ಟೀವಿಯಲ್ಲಿ ಮಾತಾಡುವವನು "ಹಿರಿಯ ಆಟಗಾರನ ತಾಳ್ಮೆ ನೋಡಿ, ಚಿಕ್ಕ ಪಿಚರ್‌ಗೆ ಧೈರ್ಯ ತುಂಬ್ತಿದ್ದಾನೆ" ಅಂತ ಹೊಗಳುತ್ತಾನೆ. ನಾನೂ ಅದನ್ನೇ ಕತ್ತರಿಸಿ ಗುಂಪಿಗೆ ಹಾಕೋಣ ಅಂತ ಬೆರಳಿಟ್ಟಿದ್ದೆ. ಆಗ ನನಗೆ ಜನವರಿಯ ಡಾಮಿನೊ ನೆನಪಾಯಿತು.

ನೀನು ಮನೆಗೆ ಬಂದಿದ್ದೆ. ಅಂಗಡಿಯ ಮುಂದೆ ಮೇಜು ಹಾಕಿದ್ದರು. ನಮ್ಮಲ್ಲಿ ಡಾಮಿನೊ ಆಡುವುದು ಅಂದರೆ ಆ ಚುಕ್ಕೆಯ ಬಿಲ್ಲೆ ಮೇಜಿಗೆ ಬಡಿಯುವ ಸದ್ದು ಚರ್ಚಿನವರೆಗೆ ಕೇಳಬೇಕು. ನೀನಂತೂ ಮೇಜಿನ ಕಾಲು ಮುರಿದವನು. ಆ ದಿನ ನಿನ್ನ ಬಿಲ್ಲೆಗಳಿಗೆ ಸದ್ದೇ ಇರಲಿಲ್ಲ. ಬಲಗೈ ತೊಡೆಯ ಮೇಲಿತ್ತು, ಎಡಗೈಯಿಂದ ಎತ್ತಿ ಮೆಲ್ಲಗೆ ಇಡುತ್ತಿದ್ದೆ. ಡಾನ್ ಫೆಯೊ ಸುಮ್ಮನಿರುತ್ತಾನಾ? "ಏನಪ್ಪಾ ಅನೀಬಲ್, ಡಾಮಿನೊ ಆಡ್ತಿದೀಯೋ ಮೊಟ್ಟೆ ಜೋಡಿಸ್ತಿದೀಯೋ?" ಅಂದ. ನೀನು "ದೊಡ್ಡ ಮನುಷ್ಯ ಆದೆ ಕಣೋ ಫೆಯೊ, ದೊಡ್ಡೋರು ಸದ್ದು ಮಾಡಲ್ಲ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಅಂದರೆ ಜನವರಿಯಿಂದ. ನಿನ್ನ ಬಲಭುಜ ಜನವರಿಯಿಂದ ನೋಯುತ್ತಿದೆ. ಅಲ್ಲ ಅನ್ನು ನೋಡೋಣ.

ಈಗ ಎಲ್ಲ ಒಂದಕ್ಕೊಂದು ಕೂಡುತ್ತಿದೆ. ಕದ್ದು ಮುಂದಿನ ಬೇಸಿಗೆ ಓಡುವವರು ನಿನ್ನ ಎಸೆತಕ್ಕೆ ಹೆದರದೆ ಪೇಟೆಗೆ ಹೊರಟವರ ಹಾಗೆ ಓಡಾಡುತ್ತಿದ್ದಾರೆ. ಬ್ಯಾಟು ತಡವಾಗಿ ತಿರುಗುತ್ತಿದೆ. ಗುಂಪಿನವರು ವಯಸ್ಸು ಅಂತಾರೆ. ಮ್ಯಾನೇಜರ್‌ಗೂ ವಯಸ್ಸು ಅಂತಲೇ ಅನಿಸಿದೆ. ಅವನು ಸುಳ್ಳು ನೋವು ಹೇಳು ಅಂತ ಕೇಳಿದ, ನೀನು ಸುಳ್ಳು ಹೇಳಲ್ಲ ಅಂತ ಎದೆಯುಬ್ಬಿಸಿದೆ. ಹಾಗೆ ಹೇಳಿದ್ದೇ ಸುಳ್ಳು ಅಣ್ಣಾ. ಬೆನ್ನು ನೋಯುತ್ತಿಲ್ಲ ಅನ್ನುವುದು ನಿಜ ಅಂತ ನೀನು ಒಳಗೊಳಗೇ ಲೆಕ್ಕ ಹಾಕಿರುತ್ತೀಯ, ನಿನ್ನನ್ನು ನಾನು ಬಲ್ಲೆ. ನನಗೆ ಆ ಭೂತದ ಪಟ್ಟಿಯ ಮೇಲೆ ಸಿಟ್ಟಿರುವುದು ಇದಕ್ಕೇ. ಇಲ್ಲದ ನೋವನ್ನು ಬರೆದು ಬರೆದು, ಇರುವ ನೋವನ್ನು ಹೇಳುವವನೂ ನೆಪ ಹೇಳುವವನ ಹಾಗೆ ಕಾಣುವಂತೆ ಮಾಡಿದ್ದಾರೆ. ತಂಡ ಅಂದಮೇಲೆ ಆಟಗಾರನನ್ನೇ "ಆಡ್ತೀಯಾ?" ಅಂತ ಕೇಳಿ ಬಿಡಬಾರದು. ಯಾವ ಕ್ಯಾಚರ್ ಇಲ್ಲ ಅಂದಾನು? ಕೈ ಹಿಡಿದು ಎತ್ತಿಸಿ ನೋಡಬೇಕು, ಹೋದ ವರ್ಷದ ಎಸೆತದ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡಬೇಕು. ಹದಿನೇಳರ ಹುಡುಗಿ ಕರೆಂಟು ಹೋಗಿ ಬರುವ ಮನೆಯಲ್ಲಿ ಕೂತು ಕಂಡುಹಿಡಿದದ್ದು ಅಷ್ಟು ದೊಡ್ಡ ಕ್ಲಬ್ಬಿಗೆ ಯಾಕೆ ಕಾಣಲಿಲ್ಲ? ಇದನ್ನು ಗುಂಪಿನಲ್ಲಿ ಬರೆಯಲು ಕೈ ತುರಿಸುತ್ತಿದೆ. ಬರೆದಿಲ್ಲ. ಬರೆಯುವುದೂ ಇಲ್ಲ. ನಿನ್ನ ನೋವನ್ನು ನೀನೇ ಹೇಳಬೇಕು.

ನೀನು ಯಾಕೆ ಹೇಳುತ್ತಿಲ್ಲ ಅಂತ ನನಗೆ ಗೊತ್ತಿಲ್ಲವಾ? ಅಪ್ಪನ ಉಂಗುರದ ಬೆರಳು. ಸಕ್ಕರೆ ಕಾರ್ಖಾನೆ ತಂಡದ ಫೈನಲ್, ಅಪ್ಪನೇ ಕ್ಯಾಚರ್, ಚೆಂಡು ಬ್ಯಾಟಿನ ಅಂಚಿಗೆ ತಾಗಿ ಅಪ್ಪನ ಬಲಗೈ ಬೆರಳು ಮುರಿಯಿತು, ಅಪ್ಪ ಅಂಗಿಯ ತುದಿ ಹರಿದು ಕಟ್ಟಿಕೊಂಡು "ನೋಯ್ತಿಲ್ಲ" ಅಂತ ಕೊನೆಯ ತನಕ ಆಡಿದರು, ಗೆದ್ದರು. ನಾವು ತೊಟ್ಟಿಲಲ್ಲಿ ಕೇಳಿದ ಕಥೆ ಅದು. ನೀನು ಅದನ್ನೇ ಗ್ಲೌಸಿನ ಹಾಗೆ ತೊಟ್ಟುಕೊಂಡು ಅಮೆರಿಕಕ್ಕೆ ಹೋದೆ. ಆದರೆ ಅದರ ಮುಂದಿನ ಭಾಗವನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮಾರನೇ ವಾರ ಅಮೆರಿಕದ ಕ್ಲಬ್ಬಿಗೆ ಆಟಗಾರರನ್ನು ಆರಿಸುವವರು ಅಪ್ಪನನ್ನು ನೋಡಲು ಬಂದರು. ಆ ಸೊಟ್ಟ ಬೆರಳಿನಿಂದ ಚೆಂಡು ಎಲ್ಲೆಲ್ಲೋ ಹೋಯಿತು. ಅವರು ಟೋಪಿ ಹಾಕಿಕೊಂಡು ಜೀಪು ಹತ್ತಿದರು. ಇದನ್ನು ನನಗೆ ಅಮ್ಮ ಒಂದೇ ಒಂದು ಸಲ, ಬೀನ್ಸ್ ಆರಿಸುತ್ತಾ, ತಲೆ ಎತ್ತದೆ ಹೇಳಿದ್ದಳು.

ಕೊನೆಯ ಸೀಸನ್ ಇಲ್ಲಿ ಆಡುತ್ತೇನೆ, ಸಾನ್ ಪೆದ್ರೊ ಮೈದಾನದಲ್ಲಿ, ಅಪ್ಪ ಮುಂದಿನ ಸಾಲಿನಲ್ಲಿ ಕೂತಿರಬೇಕು ಅಂತ ನೀನು ಹೇಳಿದ್ದೆ. ಅಪ್ಪ ಅದಕ್ಕೆ ಅಂತ ಬಿಳಿ ಅಂಗಿ ಹೊಲಿಸಿಟ್ಟಿದ್ದಾರೆ, ಯಾರಿಗೂ ಹೇಳಿಲ್ಲ, ಬೀರುವಿನಲ್ಲಿ ನಾನೇ ನೋಡಿದೆ. ಆ ಭುಜ ಪೂರ್ತಿ ಹರಿದುಹೋದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಬರುವ ವಾರ ನಿಮಗೆಲ್ಲ ಸೀಸನ್ ನಡುವಿನ ಬಿಡುವು ಇದೆಯಲ್ಲ, ಆಗ ದಯವಿಟ್ಟು ಡಾಕ್ಟರ ಹತ್ತಿರ ಹೋಗು. ಬೆನ್ನು ಅನ್ನಬೇಡ. ಭುಜ ಅನ್ನು. ಜನವರಿಯಿಂದ ಅನ್ನು. ಅಪ್ಪನಿಗೆ ಗೊತ್ತಾದರೆ ಏನು ಗತಿ ಅನ್ನುವುದು ನಿನ್ನ ಹೆದರಿಕೆ ಆದರೆ, ನಿಜ ಹೇಳಬೇಕೆಂದರೆ, ನನಗೂ ಅದೇ ಹೆದರಿಕೆ. ಬೀದಿಯ ಮುಂದೆ ಅಷ್ಟು ಎದೆ ತಟ್ಟಿಕೊಂಡ ಮನುಷ್ಯನಿಗೆ ಯಾವ ಮುಖದಿಂದ ಹೇಳುವುದೋ ನನಗೂ ತಿಳಿಯುತ್ತಿಲ್ಲ.

ಅಮ್ಮನ ಆಶೀರ್ವಾದ. ದಮಾರಿಸ್ ಕೈಯಲ್ಲಿ ತೆಂಗಿನ ಮಿಠಾಯಿ ಕಳಿಸಿದ್ದಾಳೆ, ಟಕರ್‌ಗೂ ಒಂದು ಕೊಡು, ಪಾಪ ಅವನದೇನೂ ತಪ್ಪಿಲ್ಲ. ಡಾನ್ ಫೆಯೊ ನೆನಪು ಹೇಳಿದ್ದಾನೆ, ಜೊತೆಗೆ ಮೇಜಿಗೆ ಹೊಸ ಕಾಲು ಹಾಕಿಸಿದ್ದಾನಂತೆ, ಬಂದು ಮುರಿಯಬೇಕಂತೆ.

ನಿನ್ನ ಕೈಯನ್ನೇ ನೆನೆಯುತ್ತಿರುವ ತಂಗಿ,
ಯಾರಿಬೆಲ್

ಮರೆತ ಮಾತು: ದಮಾರಿಸ್ ಹೊರಗೆ ಹಾರ್ನ್ ಮಾಡಿಸುತ್ತಿದ್ದಾಳೆ, ಗಾಡಿ ಇವತ್ತೇ ಹೊರಡುತ್ತದಂತೆ, ಬೇಗ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಅಪ್ಪ ಬಂದರು. "ಏನೇ ಅದು, ಇಷ್ಟುದ್ದ?" ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಡಾಮಿನೊ ವಿಷಯ ಹೇಳಿದೆ, ಅಷ್ಟೇ. ಅಪ್ಪ ಏನೂ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಆ ಸೊಟ್ಟ ಬೆರಳನ್ನು ಎಡಗೈಯಿಂದ ಸವರುತ್ತಾ ಇದ್ದರು. ಆಮೇಲೆ "ಲಕೋಟೆ ಬಿಚ್ಚು, ಒಂದು ಮಾತು ಸೇರಿಸು" ಅಂದರು. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ನೋಯ್ತಿತ್ತು ಕಣೋ ಮಗನೇ. ಆವತ್ತು ನನಗೆ ಬಹಳ ನೋಯ್ತಿತ್ತು."